ವಾಪಸ್ ಬಂದ ಗ್ಲಾಸು

ಬಾರಿನಲ್ಲಿ ಯಾವ ಪೇಯ ಚೆನ್ನಾಗಿದೆ, ಯಾವುದು ಬರೀ ಆಡಂಬರ ಎಂದು ತಿಳಿಯಬೇಕಾದರೆ ಕುಡಿದವರನ್ನು ಕೇಳಿ ಏನೂ ಪ್ರಯೋಜನವಿಲ್ಲ. ಕುಡಿದವರು ಎದುರಿಗಿರುವವರ ಮುಖ ನೋಡಿ ಮಾತಾಡುತ್ತಾರೆ. ಜೊತೆಗೆ ಬಂದಿರುವುದು ಮೇಲಧಿಕಾರಿಯಾದರೆ ಎಲ್ಲವೂ ಅಮೃತ, ಹೆಂಡತಿಯಾದರೆ ಎಲ್ಲವೂ ಪರವಾಗಿಲ್ಲ. ನಿಜ ಬೇಕಾದರೆ ಗ್ಲಾಸು ತೊಳೆಯುವವರನ್ನು ಕೇಳಬೇಕು. ಆದರೆ ಅವರನ್ನು ಕೇಳುವವರು ಯಾರು? ಹತ್ತೊಂಬತ್ತು ವರ್ಷದಲ್ಲಿ ಗ್ಲಾಸಕ್ಕನನ್ನು ಒಬ್ಬರೂ ಕೇಳಿರಲಿಲ್ಲ, ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಬಂದು ಕೇಳುವವರೆಗೆ.

ಗ್ಲಾಸಕ್ಕ ಅಂದರೆ ದೊಡ್ಡ ಹೋಟೆಲೊಂದರ ಬಾರಿನ ಹಿಂದೆ, ಕಿಟಕಿಯಿಲ್ಲದ ಉದ್ದನೆಯ ಕೋಣೆಯಲ್ಲಿ, ಎರಡು ತೊಟ್ಟಿಗಳ ಮುಂದೆ ನಿಂತು ಗ್ಲಾಸು ತೊಳೆದು ಒರೆಸುವವಳು. ಬಾರಿಗೂ ಆ ಕೋಣೆಗೂ ನಡುವೆ ಒಂದು ಕಿಂಡಿ. ಅದರಿಂದ ಎಂಜಲು ಗ್ಲಾಸುಗಳ ಟ್ರೇ ಒಳಗೆ ಬರುತ್ತದೆ, ಹೊಳೆಯುವ ಗ್ಲಾಸುಗಳ ಟ್ರೇ ಹೊರಗೆ ಹೋಗುತ್ತದೆ. ಅವಳು ಒಂದು ದಿನವೂ ಒಂದು ಹನಿ ಬಾಯಿಗೆ ಹಾಕಿದವಳಲ್ಲ, ವಾಸನೆಯಿಂದಲೇ ಸಾಕುಸಾಕಾಗಿತ್ತು. ಆದರೆ ಯಾವ ಪೇಯ ಎಷ್ಟು ಉಳಿದು ವಾಪಸ್ ಬರುತ್ತದೆ ಎಂಬ ಲೆಕ್ಕ ಅವಳಿಗೆ ಬಾಯಿಪಾಠ. ಖಾಲಿ ಬಂದರೆ ಒಳ್ಳೆಯದು. ಅರ್ಧ ಉಳಿದು ಬಂದರೆ ಮೇಜಿನಲ್ಲಿ ಜಗಳವಾಗಿದೆ, ಇಲ್ಲವೇ ಫೋನು ಬಂದಿದೆ, ಪೇಯದ ತಪ್ಪಲ್ಲ. ತಳದಲ್ಲಿ ಒಂದು ಬೆರಳಷ್ಟು ಉಳಿದರೆ ಮಾತ್ರ ಪೇಯದ್ದೇ ತಪ್ಪು. ಕುಡಿಯುವ ಮನಸ್ಸಿತ್ತು, ಕೊನೆಗೆ ಬೇಡವಾಯಿತು ಎಂದರ್ಥ.

ಆ ಬಾರಿನ ಯಜಮಾನಿಕೆ ನಡೆಸುತ್ತಿದ್ದವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಶಾಲೆಯ ಮೇಷ್ಟ್ರಲ್ಲ, ಪೇಯ ಬೆರೆಸುವುದರಲ್ಲಿ ಮೇಷ್ಟ್ರು. ಮಾತು ಕಡಿಮೆ. ಕಿಂಡಿಯಿಂದ ಹೊರಬಂದ ಪ್ರತಿ ಗ್ಲಾಸನ್ನೂ ದೀಪಕ್ಕೆ ಹಿಡಿದು ನೋಡುವುದು ಅವರ ಪದ್ಧತಿ. ಒಂದು ನೂಲೆಳೆ ಕಂಡರೂ ಗ್ಲಾಸು ಬಂದ ದಾರಿಯಲ್ಲೇ ಹಿಂದಕ್ಕೆ. ಗ್ಲಾಸಕ್ಕನ ಮೊದಲ ವರ್ಷ ಹಾಗೆ ಎಷ್ಟೋ ಗ್ಲಾಸು ಹಿಂದಕ್ಕೆ ಬಂದವು, ಮೂರನೆಯ ವರ್ಷ ಒಂದೋ ಎರಡೋ, ಆಮೇಲೆ ಒಂದೂ ಇಲ್ಲ. ಇಬ್ಬರೂ ಒಂದೇ ಗೋಡೆಯ ಆಚೆ ಈಚೆ ಹತ್ತೊಂಬತ್ತು ವರ್ಷ ದುಡಿದಿದ್ದರು. ಅವರು ಇವಳ ಕೈಯನ್ನು ನೋಡಿದಷ್ಟು ಮುಖವನ್ನು ನೋಡಿರಲಿಲ್ಲ.

ಈ ಮೇಷ್ಟ್ರದ್ದು ಇನ್ನೊಂದು ವಿಚಿತ್ರ ಪದ್ಧತಿಯಿತ್ತು. ವರ್ಷಕ್ಕೊಮ್ಮೆ ಬಾರಿನ ಮೆನು ಕಾರ್ಡು ಹೊಸದಾಗಿ ಅಚ್ಚಾಗುತ್ತದೆ. ಅದರಲ್ಲಿ ಒಂದೇ ಒಂದು ಹೊಸ ಪೇಯ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಮಾಡಿದವರ ಹೆಸರು. ಕೈಕೆಳಗಿನವರು ಯಾರು ಬೇಕಾದರೂ ಮಾಡಿ ತೋರಿಸಬಹುದು, ಆದರೆ ಬಾರಿನಲ್ಲಲ್ಲ, ತಮ್ಮ ಮನೆಯಲ್ಲಿ, ಮಧ್ಯಾಹ್ನ ನಾಲ್ಕು ಗಂಟೆಗೆ. 'ಮಂದ ದೀಪ, ಮೆಲ್ಲನೆ ಸಂಗೀತ ಇದ್ರೆ ಕೊಳಾಯಿ ನೀರೂ ರುಚಿ. ಹಗಲು ಬೆಳಕಲ್ಲಿ, ಮನೆ ಕುರ್ಚಿ ಮೇಲೆ ಕೂತು ಕುಡಿದಾಗ ಚೆನ್ನಾಗಿದ್ರೆ ಮಾತ್ರ ಚೆನ್ನಾಗಿರೋದು' ಎಂಬುದು ಅವರ ವಾದ. ಬರುತ್ತಾರೆ, ಎರಡು ಗುಟುಕು ಕುಡಿಯುತ್ತಾರೆ, ಗ್ಲಾಸು ಕೆಳಗಿಡುತ್ತಾರೆ, ಹೋಗುತ್ತಾರೆ. ಸೋಮವಾರ ನೋಟೀಸ್ ಬೋರ್ಡಿನಲ್ಲಿ ಚೀಟಿ. ಅಲ್ಲಿಯವರೆಗೆ ಅವರ ಬಾಯಿಗೆ ಬೀಗ.

ಎರಡೇ ಗುಟುಕು ಎಂಬುದನ್ನು ನೆನಪಿಟ್ಟುಕೊಳ್ಳಿ. ಎಷ್ಟೇ ಒಳ್ಳೆಯ ಪೇಯವಾದರೂ ಮೇಷ್ಟ್ರು ಎರಡು ಗುಟುಕಿಗಿಂತ ಹೆಚ್ಚು ಕುಡಿದದ್ದನ್ನು ಗ್ಲಾಸಕ್ಕ ಕಂಡಿರಲಿಲ್ಲ. ಬಾರಿನಲ್ಲಿ ದಿನನಿತ್ಯ ಅವರು ರುಚಿ ನೋಡಿದ ಗ್ಲಾಸು ಯಾವಾಗಲೂ ಮುಕ್ಕಾಲು ತುಂಬಿಕೊಂಡೇ ಕಿಂಡಿಗೆ ಬರುತ್ತಿತ್ತು.

ಮಗಳು ಅದೇ ಬಾರಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಮೊದಲೆರಡು ವರ್ಷ ಹಣ್ಣು ಹಿಂಡಿದಳು, ಐಸು ಒಡೆದಳು. ಆಮೇಲೆ ಪೇಯ ಬೆರೆಸುವ ಕಟ್ಟೆಯ ತುದಿಯಲ್ಲಿ ಜಾಗ ಸಿಕ್ಕಿತು. ಹೋದ ವರ್ಷ ಅವಳೂ ಒಂದು ಪೇಯ ಮಾಡಿ ಮೇಷ್ಟ್ರನ್ನು ಕರೆದಿದ್ದಳು, ತಮ್ಮ ಮನೆಗಲ್ಲ, ಗೆಳತಿಯ ಮನೆಗೆ. ಗೆಳತಿಯ ಮನೆಯಲ್ಲಿ ಗಾಜಿನ ಮೇಜಿತ್ತು, ಮೆತ್ತನೆಯ ಸೋಫಾ ಇತ್ತು, ಬಾಲ್ಕನಿಯಲ್ಲಿ ಹೂಕುಂಡಗಳಿದ್ದವು. ಗ್ಲಾಸಕ್ಕ ಆ ಬಗ್ಗೆ ಚಕಾರವೆತ್ತಲಿಲ್ಲ. ಆದರೆ ಅವಳಿಗೆ ನೋವಾಗಿತ್ತು, ಆ ನೋವನ್ನು ಅವಳು ಎರಡು ದಿನ ಮನೆಯ ಪಾತ್ರೆಗಳ ಮೇಲೆ ತೀರಿಸಿಕೊಂಡಿದ್ದಳು.

ಹೋದ ವರ್ಷ ಬೋರ್ಡಿನ ಚೀಟಿಯಲ್ಲಿ ಬೇರೆ ಯಾರದ್ದೋ ಹೆಸರು ಬಂತು. ಅಂದು ಕಿಂಡಿಯಾಚೆಯಿಂದ ಒಬ್ಬ ಹಿರಿಯ ಬೆರೆಸುವವನ ಮಾತು ಗ್ಲಾಸಕ್ಕನ ಕಿವಿಗೆ ಬಿತ್ತು: "ತೊಳೆಯೋಳ ಮಗಳು ತೊಳೆಯೋದು ಕಲಿತ್ರೆ ಸಾಕಪ್ಪ, ಬೆರೆಸೋದೆಲ್ಲ ಯಾಕೆ?" ಯಾರೋ ನಕ್ಕರು. ಗ್ಲಾಸಕ್ಕ ಕೈಯಲ್ಲಿದ್ದ ಗ್ಲಾಸನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಅವಳ ಕೈಯಲ್ಲಿ ಒಡೆಯದೆ ಉಳಿದದ್ದು ಆ ಗ್ಲಾಸಿನ ಪುಣ್ಯ.

ಈ ವರ್ಷ ಕಾರ್ಡಿನ ಸಮಯ ಬಂದಾಗ ಮಗಳು ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದು, ತರಕಾರಿ ಹೆಚ್ಚುತ್ತಿದ್ದ ಅಮ್ಮನ ಎದುರು ಕೂತಳು.

"ಅಮ್ಮಾ, ನಮ್ಮಲ್ಲಿ ಕಿತ್ತಳೆ ರಸ ಹಾಕಿ ಗುಳ್ಳೆ ವೈನ್ ಕೊಡ್ತಾರಲ್ಲ, ಅದು ಹೇಗೆ ವಾಪಸ್ ಬರುತ್ತೆ?"

ಗುಳ್ಳೆ ವೈನ್ ಎಂದರೆ ಸ್ಪಾರ್ಕ್ಲಿಂಗ್ ವೈನು. ಕಿಂಡಿಯ ಒಳಗಿನವರು ಅದನ್ನು ಕರೆಯುತ್ತಿದ್ದದ್ದೇ ಹಾಗೆ.

ಗ್ಲಾಸಕ್ಕನ ಚಾಕು ನಿಂತಿತು. ಇದನ್ನು ಕೇಳಲು ಈ ಬಾರಿನವರಿಗೆ ಹತ್ತೊಂಬತ್ತು ವರ್ಷ ಬೇಕಾಯಿತಲ್ಲ ಎಂದು ಒಂದು ಕ್ಷಣ ಸಿಟ್ಟು ಬಂತು, ಮರುಕ್ಷಣವೇ ಎದೆ ತುಂಬಿ ಬಂತು.

"ಒಂದು ಬೆರಳು ಉಳಿಯುತ್ತೆ," ಎಂದಳು. "ಯಾವಾಗ್ಲೂ ಒಂದೇ ಬೆರಳು. ತಳದಲ್ಲಿ ಹಳದಿ ಜಾಸ್ತಿ, ಮೇಲೆ ತೆಳು. ಸಿಹಿಯೆಲ್ಲ ಕೆಳಗೆ ಕೂತಿರುತ್ತೆ. ಮೇಲಿಂದ ಕುಡಿದವರಿಗೆ ಮೊದಲು ಬರೀ ಹುಳಿ, ಕೊನೆಗೆ ಬರೀ ಪಾನಕ. ಯಾರು ಕುಡೀತಾರೆ? ಗ್ಲಾಸಿನ ಪಕ್ಕಕ್ಕೆಲ್ಲ ಹಣ್ಣಿನ ನಾರು ಬೇರೆ ಅಂಟಿರುತ್ತೆ, ನಂಗೆ ಉಜ್ಜೋದೇ ಕೆಲಸ."

ಮಗಳು ಚೀಟಿಯ ಮೇಲೆ ಬರೆದುಕೊಂಡಳು. ತಾನು ಹೇಳಿದ್ದನ್ನು ಒಬ್ಬರು ಬರೆದುಕೊಳ್ಳುವುದನ್ನು ಗ್ಲಾಸಕ್ಕ ಮೊದಲ ಸಲ ನೋಡಿದಳು.

"ಈ ಸಲ ಮೇಷ್ಟ್ರನ್ನ ಇಲ್ಲಿಗೇ ಕರೀತೀನಿ," ಎಂದಳು ಮಗಳು, ತಲೆಯೆತ್ತದೆ. "ನಮ್ಮನೆಗೇ."

"ಸೋಫಾ ಇಲ್ಲ ನಮ್ಮನೇಲಿ."

"ನೀನಿದ್ದೀಯಲ್ಲ."

ಅಂದಿನಿಂದ ಎರಡು ವಾರ ಆ ಪುಟ್ಟ ಅಡುಗೆಮನೆಯಲ್ಲಿ ಕಿತ್ತಳೆ, ನಿಂಬೆ ಬಿಟ್ಟರೆ ಬೇರೆ ವಾಸನೆಯಿರಲಿಲ್ಲ. ಮಗಳು ಕಿತ್ತಳೆಯ ಸಿಪ್ಪೆಯ ಮೇಲ್ಪದರವನ್ನಷ್ಟೇ, ಬಿಳಿಯ ಭಾಗ ತಾಗದಂತೆ ತೆಳ್ಳಗೆ ಹೆರೆದು, ಸಕ್ಕರೆಯಲ್ಲಿ ಕಿವುಚಿ ಮುಚ್ಚಿಡುತ್ತಿದ್ದಳು. ನಾಲ್ಕೈದು ಗಂಟೆಯಲ್ಲಿ ಸಿಪ್ಪೆಯ ಎಣ್ಣೆಯನ್ನೆಲ್ಲ ಸಕ್ಕರೆ ಕುಡಿದು, ತಾನೇ ಕರಗಿ ಘಮಘಮಿಸುವ ಪಾಕವಾಗುತ್ತಿತ್ತು. ಒಲೆಯ ಹಂಗೇ ಇಲ್ಲ. ಆ ಪಾಕ ಎರಡು ಚಮಚ, ಕಿತ್ತಳೆ ರಸ, ನಿಂಬೆ ರಸ. ರಸವನ್ನು ಗ್ಲಾಸಕ್ಕ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಒಂದು ನಾರೂ ಇಲ್ಲದ ಹಾಗೆ ಮಾಡಿ ಕೊಡುತ್ತಿದ್ದಳು. ಸಿಹಿ ತಳದಲ್ಲಿ ಕೂರದಿರಲು ಏನು ಮಾಡುವುದು ಎಂದು ಇಬ್ಬರೂ ತಲೆ ಕೆಡಿಸಿಕೊಂಡರು. ಕೊನೆಗೆ ದಾರಿ ಸಿಕ್ಕಿತು: ಮೊದಲು ಅರ್ಧ ವೈನು, ನಡುವೆ ರಸ ಮತ್ತು ಪಾಕ, ಮೇಲೆ ಉಳಿದ ವೈನು, ಆಮೇಲೆ ಉದ್ದನೆಯ ಚಮಚದಿಂದ ತಳದಿಂದ ಮೇಲಕ್ಕೆ ಒಂದೇ ಸಲ ಎತ್ತುವುದು. ಎರಡು ಸಲ ಕಲಕಿದರೆ ಗುಳ್ಳೆ ಸಾಯುತ್ತದೆ.

ಇಷ್ಟೂ ಅಭ್ಯಾಸ ನಡೆದದ್ದು ವೈನಿನಲ್ಲಲ್ಲ, ಸೋಡಾದಲ್ಲಿ. ಕುಡಿಯುತ್ತಿದ್ದದ್ದು ಮನೆಯ ಸ್ಟೀಲ್ ಲೋಟದಲ್ಲಿ. ವೈನಿನ ಬಾಟಲಿ ಇದ್ದದ್ದು ಒಂದೇ ಒಂದು, ಅದು ಆ ದಿನಕ್ಕೆಂದು ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಮಲಗಿತ್ತು. ರುಚಿ ನೋಡುವ ಕೆಲಸ ಅಪ್ಪನದು. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ದಿನಕ್ಕೆ ಏಳೆಂಟು ಲೋಟ ಹುಳಿ ಸೋಡಾ ಕುಡಿದು ಕುಡಿದು ಅವನ ಹಲ್ಲು ಚುಳ್ಳೆನ್ನತೊಡಗಿತ್ತು.

"ನನ್ನ ಕೆಲಸದಲ್ಲಿ ಮೇಲೆ ಹೋದದ್ದು ಕೆಳಗೆ ಬಂದ್ರೆ ಸಾಕು," ಎನ್ನುತ್ತಿದ್ದ ಅವನು. "ನಿಮ್ಮದ್ರಲ್ಲಿ ಕೆಳಗಿರೋದು ಮೇಲೆ ಬರ್ಬೇಕು, ಮೇಲೆ ಬಂದದ್ದು ಅಲ್ಲೇ ನಿಲ್ಲಬಾರ್ದು, ಆದ್ರೆ ಅಲ್ಲಾಡಿಸಬಾರ್ದು. ಇಂಥ ಲಿಫ್ಟನ್ನ ನಾನಂತೂ ರಿಪೇರಿಗೆ ತಗೊಳ್ಳಲ್ಲಪ್ಪ."

"ನಾಲಿಗೆ ಮಾತಾಡೋಕಲ್ಲ ಕೊಟ್ಟಿರೋದು, ರುಚಿ ನೋಡಿ," ಎಂದು ಗ್ಲಾಸಕ್ಕ ಇನ್ನೊಂದು ಲೋಟ ಮುಂದಿಡುತ್ತಿದ್ದಳು.

ಗ್ಲಾಸುಗಳ ವಿಷಯಕ್ಕೆ ಬಂದರೆ ಅದು ಪೂರ್ತಿ ಅವಳ ಸಾಮ್ರಾಜ್ಯ. ಎಂಟು ವರ್ಷದ ಹಿಂದೆ ಹೋಟೆಲಿನವರು ಹಳೆಯ ಮಾದರಿಯ ಗ್ಲಾಸುಗಳನ್ನು ತೆಗೆದು ಹೊಸದು ತಂದಾಗ ಅವಳಿಗೆ ಆರು ಗ್ಲಾಸು ಕೊಟ್ಟಿದ್ದರು. ಎತ್ತರ, ತೆಳು, ಉದ್ದನೆಯ ಕಾಲು, ಊದಿದರೆ ನಡುಗುವಂಥವು. ಅವು ಅಂದಿನಿಂದ ಕಾಗದ ಸುತ್ತಿಕೊಂಡು ಬೀರುವಿನಲ್ಲಿದ್ದವು, ಒಂದು ದಿನವೂ ಹೊರಗೆ ಬಂದಿರಲಿಲ್ಲ. ಈಗ ಮೇಷ್ಟ್ರು ಮನೆಗೆ ಬರುತ್ತಿದ್ದಾರೆ, ಬಂದವರು ಗ್ಲಾಸನ್ನು ಬೆಳಕಿಗೆ ಹಿಡಿಯದೆ ಇರುವುದಿಲ್ಲ. ಹೋಟೆಲಿನಲ್ಲಿ ನಿಮಿಷಕ್ಕೆ ನಾಲ್ಕು ಗ್ಲಾಸು ಹೊರಗೆ ಹೋಗಬೇಕು, ತೊಳೆದದ್ದನ್ನು ಬಟ್ಟೆಯಲ್ಲಿ ಒರೆಸದೆ ಗತ್ಯಂತರವಿಲ್ಲ. ಎಷ್ಟು ಒಳ್ಳೆಯ ಬಟ್ಟೆಯಾದರೂ ಅದು ಬಟ್ಟೆಯೇ. ಬಟ್ಟೆ ಸೋಕದ ಗ್ಲಾಸು ಹೇಗಿರಬಹುದು ಎಂದು ಅವಳು ಎಷ್ಟೋ ಸಲ ಯೋಚಿಸಿದ್ದಳು. ಮನೆಯಲ್ಲಿ ಅವಳಿಗೆ ಅವಸರವೇನು?

ಮೇಷ್ಟ್ರು ಬರಬೇಕಾಗಿದ್ದ ಶನಿವಾರ ಬೆಳಿಗ್ಗೆ ಅವಳು ಆರೂ ಗ್ಲಾಸುಗಳನ್ನು ಬಿಸಿನೀರಿನಲ್ಲಿ ತೊಳೆದಳು. ವಿನೆಗರ್ ಹಾಕಿದ ನೀರಿನಲ್ಲಿ ಅದ್ದಿದಳು. ಕುದಿಸಿ ಸೋಸಿದ ನೀರನ್ನು ಮೇಲಿನಿಂದ ಸುರಿದಳು. ಬಟ್ಟೆಯನ್ನು ಹತ್ತಿರಕ್ಕೂ ತರಲಿಲ್ಲ. ತಂತಿಯ ಸ್ಟ್ಯಾಂಡಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಧೂಳು ಕೂರಬಾರದೆಂದು ಬೀರುವಿನೊಳಗಿಟ್ಟು ಬಾಗಿಲು ಹಾಕಿದಳು. ಮಧ್ಯಾಹ್ನ ತೆಗೆದು ಕಿಟಕಿಗೆ ಹಿಡಿದಾಗ ಕೈಯಲ್ಲಿ ಗ್ಲಾಸಿದೆಯೋ ಇಲ್ಲವೋ ಎಂಬಷ್ಟು ನಿರ್ಮಲವಾಗಿತ್ತು. ತನ್ನ ಜನ್ಮದಲ್ಲಿ ಇಷ್ಟು ಚೆನ್ನಾಗಿ ಗ್ಲಾಸು ತೊಳೆದಿಲ್ಲ ಎಂದುಕೊಂಡಳು. ಅದು ನಿಜವೇ ಆಗಿತ್ತು, ಮುಂದಿನ ಎಡವಟ್ಟಿಗೆಲ್ಲ ಅದೇ ಕಾರಣವೂ ಆಗಿತ್ತು.

ನಾಲ್ಕಕ್ಕೆ ಇನ್ನೂ ಎರಡು ನಿಮಿಷವಿರುವಾಗ ಮೇಷ್ಟ್ರು ಬಂದರು. ಬಾರಿನ ಕಪ್ಪು ಕೋಟಿಲ್ಲದೆ, ಅರ್ಧ ತೋಳಿನ ಅಂಗಿಯಲ್ಲಿ, ಬಸ್ಸಿಗೆ ಕಾಯುವ ಯಾರೋ ತಾತನ ಹಾಗೆ ಕಂಡರು. ಅಪ್ಪ ಅವರನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ತಾನು ಸ್ಟೂಲಿನ ಮೇಲೆ ಕೂತ. ಗ್ಲಾಸಕ್ಕ ಒಂದು ನಮಸ್ಕಾರ ಹೇಳಿ ಅಡುಗೆಮನೆ ಸೇರಿದವಳು ಮತ್ತೆ ಹೊರಗೆ ಬರಲಿಲ್ಲ. ಬಂದು ಮಾಡುವುದಾದರೂ ಏನು? ತನ್ನ ಜಾಗ ಗೋಡೆಯ ಈಚೆ ಎಂದು ಅವಳ ಕಾಲಿಗೇ ಗೊತ್ತಿತ್ತು.

ಮಗಳು ಬಾಟಲಿಯ ಕೊರಳಿಗೆ ಬಟ್ಟೆ ಸುತ್ತಿ, ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿದಳು. ಪುಸ್ ಎಂಬ ಸಣ್ಣ ನಿಟ್ಟುಸಿರಿನೊಂದಿಗೆ ಬಿರಡೆ ಬಂತು. ಅವಸರದಲ್ಲಿ ಒಂದಿಷ್ಟು ಆಚೀಚೆ ಚೆಲ್ಲಿತು, ಪರವಾಗಿಲ್ಲ. ಗ್ಲಾಸನ್ನು ಓರೆ ಹಿಡಿದು ಅರ್ಧದವರೆಗೆ ಸುರಿದಳು. ಸುರಿಯುವಾಗ ಒಂದಿಷ್ಟು ನೊರೆ ಎದ್ದಿತು, ಕೂಡಲೇ ಅಡಗಿತು. ಆಮೇಲೆ ಏನೂ ಇಲ್ಲ.

ಏನೂ ಎಂದರೆ ಏನೂ ಇಲ್ಲ. ತಳದಿಂದ ಒಂದು ಗುಳ್ಳೆ ಏಳಲಿಲ್ಲ. ವೈನು ಗ್ಲಾಸಿನಲ್ಲಿ ತಣ್ಣಗೆ, ನಿನ್ನೆಯ ನೀರಿನ ಹಾಗೆ ನಿಂತುಬಿಟ್ಟಿತು.

ಮಗಳ ಮುಖದ ಬಣ್ಣ ಇಳಿಯಿತು. ಎರಡನೆಯ ಗ್ಲಾಸಿಗೆ ಸ್ವಲ್ಪ ಸುರಿದಳು. ಅಲ್ಲೂ ಅದೇ ಕತೆ.

"ಅಮ್ಮಾ, ಬಾಟಲಿ ಸತ್ತಿದೆ," ಎಂದಳು ಪಿಸುದನಿಯಲ್ಲಿ. "ಗ್ಯಾಸೇ ಇಲ್ಲ ಇದ್ರಲ್ಲಿ. ಇರೋದೊಂದೇ ಬಾಟಲಿ. ಅವ್ರು ಹೊರಗೆ ಕೂತಿದ್ದಾರೆ."

"ತಾಳು."

"ಏನು ತಾಳೋದು? ಗುಳ್ಳೆ ಇಲ್ಲದ ಗುಳ್ಳೆ ವೈನ್ ತಗೊಂಡು ಹೋಗಿ ಕೊಡ್ಲಾ? ಅವ್ರೆಲ್ಲ ಹೇಳಿದ್ದೇ ಸರಿ ಅಂತ ಆಗುತ್ತೆ. ನಾನು ಹೋಗಿ ಹೇಳ್ಬಿಡ್ತೀನಿ, ಆಗಲಿಲ್ಲ, ಮುಂದಿನ ವರ್ಷ ಅಂತ."

"ಅವ್ರೆಲ್ಲ ಏನು ಹೇಳಿದ್ರು?"

ಮಗಳು ಮುಖ ತಿರುಗಿಸಿ ಬಿರಡೆಯನ್ನು ಕೈಯಲ್ಲಿ ಹೊರಳಿಸತೊಡಗಿದಳು. ಕಿಂಡಿಯಾಚೆಯ ಆ ಮಾತನ್ನು ತಾನೊಬ್ಬಳೇ ಕೇಳಿದ್ದೆ, ತಾನೊಬ್ಬಳೇ ನುಂಗಿಕೊಂಡಿದ್ದೆ ಎಂದು ಗ್ಲಾಸಕ್ಕ ಒಂದು ವರ್ಷ ನಂಬಿದ್ದಳು. ಇವಳೂ ಕೇಳಿದ್ದಳು. ಇವಳೂ ನುಂಗಿದ್ದಳು.

ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ತಲೆಹಾಕಿದ. "ಮೇಷ್ಟ್ರು ಎರಡು ಸಲ ಗಡಿಯಾರ ನೋಡಿದ್ರು. ನಾನು ಲಿಫ್ಟಿನ ಬಗ್ಗೆ ಗೊತ್ತಿರೋದೆಲ್ಲ ಹೇಳಿ ಮುಗಿಸಿದೆ."

"ಗೊತ್ತಿಲ್ಲದ್ದು ಹೇಳಿ, ಹೋಗಿ!" ಎಂದು ಗ್ಲಾಸಕ್ಕ ಅವನನ್ನು ಹೊರದಬ್ಬಿದಳು.

ಅವಳು ಕಟ್ಟೆಗೆ ಬಗ್ಗಿ ಗ್ಲಾಸನ್ನು ದಿಟ್ಟಿಸಿದಳು. ಹತ್ತೊಂಬತ್ತು ವರ್ಷ ಗುಳ್ಳೆ ವೈನಿನ ಗ್ಲಾಸು ತೊಳೆದಿದ್ದಾಳೆ. ಅರ್ಧ ಕುಡಿದು ಬಿಟ್ಟ ಗ್ಲಾಸಿನಲ್ಲೂ ತಳದಿಂದ ಸಣ್ಣಗೆ ದಾರದ ಹಾಗೆ ಗುಳ್ಳೆ ಏಳುತ್ತಿರುತ್ತದೆ. ಇದು ಈಗ ತಾನೇ ಬಿರಡೆ ಬಿಚ್ಚಿದ ಬಾಟಲಿ, ಪುಸ್ ಎಂದದ್ದನ್ನು ಅವಳ ಕಿವಿಯೇ ಕೇಳಿದೆ. ಸತ್ತ ಬಾಟಲಿ ನಿಟ್ಟುಸಿರು ಬಿಡುವುದಿಲ್ಲ.

ಆಗ ಅವಳ ಕಿವಿಗೆ ಇನ್ನೊಂದು ಸದ್ದು ಬಿತ್ತು. ಸಣ್ಣ ಚಿರಿಚಿರಿ ಸದ್ದು. ಕಟ್ಟೆಯ ಮೂಲೆಯಲ್ಲಿ ಅವಳ ಒರೆಸುವ ಬಟ್ಟೆ ಬಿದ್ದಿತ್ತು. ಹೋಟೆಲಿನ ಲಾಂಡ್ರಿಯವರು ಗಂಜಿ ಹಾಕಿ ಕೆಡಿಸುತ್ತಾರೆಂದು ಅವಳೇ ವಾರಕ್ಕೊಮ್ಮೆ ಮನೆಗೆ ತಂದು ಒಗೆಯುತ್ತಿದ್ದ ಹಳೆಯ ಹತ್ತಿಯ ಬಟ್ಟೆ, ಒಗೆದು ಒಗೆದು ಹಸುಗೂಸಿನ ಕೆನ್ನೆಯಷ್ಟು ಮೆತ್ತಗಾದದ್ದು. ಮಗಳು ಚೆಲ್ಲಿದ ವೈನು ಅದರ ಮೇಲೆ ಬಿದ್ದಿತ್ತು. ಬಿದ್ದಲ್ಲೆಲ್ಲ ವೈನು ಸಾಬೂನಿನ ನೊರೆಯಂತೆ ಕುದಿಯುತ್ತಿತ್ತು.

ಗ್ಲಾಸಕ್ಕ ಬಟ್ಟೆ ನೋಡಿದಳು, ಗ್ಲಾಸು ನೋಡಿದಳು. ಬಟ್ಟೆಯ ಮೇಲೆ ಬಿದ್ದ ವೈನಿಗೆ ಜೀವವಿದೆ, ಬಟ್ಟೆ ಸೋಕದ ಗ್ಲಾಸಿನಲ್ಲಿ ಇಲ್ಲ. ಹಾಗಾದರೆ ಸತ್ತಿರುವುದು ಬಾಟಲಿಯಲ್ಲ, ಗ್ಲಾಸು. ಕೊಂದವಳು ತಾನೇ, ತೊಳೆದು ತೊಳೆದು.

ಬಟ್ಟೆಯ ಒಣಗಿದ ತುದಿಯನ್ನು ಬೆರಳಿಗೆ ಸುತ್ತಿ ಮೂರನೆಯ ಗ್ಲಾಸಿನೊಳಗೆ ಇಳಿಸಿ, ತಳದಲ್ಲಿ ಒತ್ತಿ ಒಂದು ಸುತ್ತು ತಿರುಗಿಸಿದಳು. ಲಕ್ಷಾಂತರ ಸಲ ಮಾಡಿದ ಅದೇ ಸುತ್ತು. ಬೆಳಕಿಗೆ ಹಿಡಿದು ನೋಡಿದಳು, ಕಣ್ಣಿಗೆ ಏನೂ ಕಾಣಲಿಲ್ಲ. ಮೇಷ್ಟ್ರ ಕಣ್ಣಿಗೂ ಕಾಣುವುದಿಲ್ಲ, ಅದರ ಭರವಸೆ ಅವಳಿಗಿತ್ತು. ಆಮೇಲೆ ಮೊದಲ ಗ್ಲಾಸಿನ ಸತ್ತ ವೈನನ್ನೇ ಎತ್ತಿ ಇದಕ್ಕೆ ಬಗ್ಗಿಸಿದಳು.

ತಳದಿಂದ ಒಂದು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ನೋಡುನೋಡುತ್ತಿದ್ದಂತೆ ಐದಾರು ಕಡೆಯಿಂದ ಮುತ್ತಿನ ಎಳೆಗಳು ನೆಟ್ಟಗೆ ಮೇಲಕ್ಕೆ ಹತ್ತತೊಡಗಿದವು.

ಮಗಳು ಕಣ್ಣರಳಿಸಿ ನೋಡಿದಳು. "ಏನು ಹಾಕ್ದೆ ಇದಕ್ಕೆ?"

"ಏನೂ ಹಾಕ್ಲಿಲ್ಲ. ಒರೆಸ್ದೆ," ಎಂದಳು ಗ್ಲಾಸಕ್ಕ. "ಗುಳ್ಳೆಗೂ ಕಾಲೂರೋಕೆ ಒಂದು ಜಾಗ ಬೇಕು ಅಂತ ಕಾಣುತ್ತೆ ಕಣೇ. ಕಣ್ಣಿಗೆ ಕಾಣದಷ್ಟು ಸಣ್ಣ ನೂಲು ಸಾಕು. ಅಷ್ಟನ್ನೂ ನಾನು ಇವತ್ತು ಬಿಡದೆ ತೊಳೆದುಬಿಟ್ಟಿದ್ದೆ."

ನೂಲೆಳೆ ಕಾಣಬಾರದೆಂದು ಹತ್ತೊಂಬತ್ತು ವರ್ಷ ಅವಳು ಹೆದರುತ್ತ ಒರೆಸಿದ್ದಳು. ಆ ಬಾರಿನಲ್ಲಿ ಜನ ಎತ್ತಿ ಹಿಡಿದು ನಗುತ್ತ ನೋಡಿದ ಒಂದೊಂದು ಗ್ಲಾಸಿನ ಗುಳ್ಳೆಯೂ ತನ್ನ ಬಟ್ಟೆಯಿಂದ ಎದ್ದದ್ದು ಎಂದು ಅವಳಿಗೆ ಆ ಕ್ಷಣದಲ್ಲಿ ಹೊಳೆಯಿತು. ಬಾಟಲಿಯದ್ದು ಅರ್ಧ ಕೆಲಸ, ಉಳಿದರ್ಧ ಕಿಂಡಿಯ ಈಚೆಯದು. ಯಾರೂ ಹೇಳಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಅವಳಿಗೆ ಹೆಮ್ಮೆಯಾಯಿತು. ಸಣ್ಣಪುಟ್ಟ ಹೆಮ್ಮೆಯಲ್ಲ, ಬೆನ್ನು ತಾನಾಗಿಯೇ ನೆಟ್ಟಗಾಗುವಂಥ ಹೆಮ್ಮೆ.

"ನಿಂತು ಏನು ನೋಡ್ತೀಯ? ಗಡಿಯಾರ ಮೂರನೇ ಸಲ ನೋಡಿರ್ತಾರೆ," ಎಂದು ಮಗಳನ್ನು ತಿವಿದಳು. ಇನ್ನೆರಡು ಗ್ಲಾಸು ತಾನೇ ಒರೆಸಿ ಕೊಟ್ಟಳು.

ಆಮೇಲೆ ಮಗಳು ಅವಸರ ಮಾಡಲಿಲ್ಲ. ಮೂರೂ ಗ್ಲಾಸಿಗೆ ವೈನು ಅರ್ಧಕ್ಕೆ ಬಂತು. ರಸ ಮತ್ತು ಪಾಕ ಚಮಚದ ಬೆನ್ನ ಮೇಲಿಂದ ಜಾರಿ ಇಳಿಯಿತು. ಮೇಲೆ ಮತ್ತೆ ವೈನು. ಉದ್ದನೆಯ ಚಮಚ ತಳ ಮುಟ್ಟಿ ಒಂದೇ ಸಲ ಮೇಲೆ ಬಂತು. ಬಣ್ಣ ಕೆಳಗಿಂದ ಮೇಲಿನವರೆಗೆ ಒಂದೇ ಸಮ, ಸಂಜೆ ಬಿಸಿಲಿನ ಬಣ್ಣ. ಕೊನೆಗೆ ಕಿತ್ತಳೆ ಸಿಪ್ಪೆಯ ಒಂದು ತುಂಡನ್ನು ಗ್ಲಾಸಿನ ಮೇಲೆ ಚಿವುಟಿ, ಎಣ್ಣೆ ಸಿಡಿಸಿ, ಸಿಪ್ಪೆಯನ್ನು ಪಕ್ಕಕ್ಕೆಸೆದಳು. ಅಡುಗೆಮನೆಯೆಲ್ಲ ಘಮ್ಮೆಂದಿತು. ಮೇಷ್ಟ್ರಿಗೊಂದು, ಅಪ್ಪನಿಗೊಂದು, ತನಗೊಂದು ಗ್ಲಾಸು ಟ್ರೇಯಲ್ಲಿಟ್ಟುಕೊಂಡು ಹೊರಗೆ ಹೋದಳು.

ಗ್ಲಾಸಕ್ಕ ಗೋಡೆಗೆ ಒರಗಿ ನಿಂತು ಕಿವಿಗೊಟ್ಟಳು. ಕುರ್ಚಿ ಕಿರ್ ಎಂದಿತು. ಮೇಷ್ಟ್ರು ಗ್ಲಾಸನ್ನು ಕಿಟಕಿಗೆ ಹಿಡಿಯುತ್ತಿದ್ದಾರೆ ಎಂದು ಅವಳಿಗೆ ನೋಡದೆಯೇ ಗೊತ್ತಾಯಿತು. ಬಹಳ ಹೊತ್ತು ಹಿಡಿದಿದ್ದಾರೆ. ಮೊದಲ ವರ್ಷದಲ್ಲೂ ಇಷ್ಟು ಹೊತ್ತು ಹಿಡಿದಿರಲಿಲ್ಲ.

"ಗುಳ್ಳೆ ಇಷ್ಟು ಸಣ್ಣಗೆ, ಇಷ್ಟು ನೆಟ್ಟಗೆ ಬರ್ತಿದೆಯಲ್ಲ," ಎಂಬ ಮೇಷ್ಟ್ರ ದನಿ ಕೇಳಿಸಿತು. "ಏನು ಮಾಡ್ದೆ?"

ಮಗಳು ತಾನು ಮಾಡಿದ ಯಾವುದನ್ನಾದರೂ ಹೇಳಬಹುದಿತ್ತು. ವೈನು ಎಷ್ಟು ತಣ್ಣಗಿತ್ತು, ಹೇಗೆ ಓರೆಯಾಗಿ ಸುರಿದೆ, ಎಷ್ಟು ಸೋಸಿದೆ ಎಂದೆಲ್ಲ ಹೇಳಿ ಒಂದು ಮೆಟ್ಟಿಲು ಮೇಲೆ ಹತ್ತಬಹುದಿತ್ತು.

"ಅದು ನಂದಲ್ಲ ಸಾರ್," ಎಂದಳು. "ಅಮ್ಮ ಒರೆಸಿದ್ದು. ಅಮ್ಮ ಒರೆಸಿದ ಗ್ಲಾಸಲ್ಲಿ ಮಾತ್ರ ಹೀಗೆ ಬರುತ್ತೆ."

ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ತೊಳೆಯೋಳ ಮಗಳು ಎಂಬ ಮಾತನ್ನು ಅವಳು ಎತ್ತಿ ತಲೆಯ ಮೇಲೆ ಇಟ್ಟುಕೊಂಡ ಹಾಗಿತ್ತು. ಗ್ಲಾಸಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು. ಮೇಷ್ಟ್ರು ಹೂಂ ಎಂದರೋ, ಬರೀ ಗಂಟಲು ಸರಿಮಾಡಿಕೊಂಡರೋ ತಿಳಿಯಲಿಲ್ಲ. ಆಮೇಲೆ ಅಪ್ಪನ ದನಿ ಬಂತು, "ಸೋಡಾಕ್ಕಿಂತ ಎಷ್ಟೋ ವಾಸಿ ಸಾರ್," ಎಂದು. ಗ್ಲಾಸಕ್ಕ ಹಣೆ ಚಚ್ಚಿಕೊಂಡಳು.

ಸ್ವಲ್ಪ ಹೊತ್ತಿಗೆ ಮಗಳು ಟ್ರೇ ತಂದು ಕಟ್ಟೆಯ ಮೇಲಿಟ್ಟು, ಮೇಷ್ಟ್ರು ಹೊರಟರೆಂದು ಪಿಸುಗುಟ್ಟಿ ಮತ್ತೆ ಹೊರಗೋಡಿದಳು. ಗ್ಲಾಸಕ್ಕನ ಕಣ್ಣು ಟ್ರೇಯ ಮೇಲೆ ಬಿತ್ತು. ಎರಡೇ ಗ್ಲಾಸು. ಒಂದರಲ್ಲಿ ಒಂದು ಹನಿಯಿಲ್ಲ, ಅಂಚಿನಲ್ಲಿ ಮೀಸೆಯ ಗುರುತಿದೆ: ಗಂಡನದು, ಅದಕ್ಕೆ ಬೆಲೆಯಿಲ್ಲ, ಅವನು ಏನು ಕೊಟ್ಟರೂ ಕುಡಿಯುತ್ತಾನೆ. ಇನ್ನೊಂದು ಪೂರ್ತಿ ತುಂಬಿದೆ: ಮಗಳದು, ಭಯಕ್ಕೆ ಮುಟ್ಟೇ ಇಲ್ಲ. ಮೂರನೆಯದು ಎಲ್ಲಿ?

"ಕಿಂಡಿ ಎಲ್ಲಿದೆ ಅಂತ ಹುಡುಕಿದೆ, ಕಾಣಲಿಲ್ಲ."

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವರು ತಮಾಷೆ ಮಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಕೈಯಲ್ಲಿ ಗ್ಲಾಸಿತ್ತು. ಅವರು ಅದನ್ನು ಟ್ರೇಯಲ್ಲಿಡದೆ, ಎರಡೂ ಕೈಯಿಂದ ಹಿಡಿದು ಅವಳ ಕೈಗೇ ಕೊಟ್ಟರು.

"ಸೋಮವಾರ ಬೋರ್ಡಿಗೆ ಹಾಕ್ತೀನಿ ಗ್ಲಾಸಕ್ಕ. ಅಲ್ಲೀವರೆಗೆ ನನ್ನ ಬಾಯಿಂದ ಏನೂ ಬರಲ್ಲ, ಗೊತ್ತಲ್ಲ?"

ಗ್ಲಾಸಕ್ಕ ಅವರ ಮುಖ ನೋಡಲಿಲ್ಲ. ಅವಳ ಕಣ್ಣು ಗ್ಲಾಸಿನ ತಳದಲ್ಲಿತ್ತು.

"ಬೇಡ ಬಿಡಿ ಮೇಷ್ಟ್ರೇ," ಎಂದಳು. "ನಂಗೆ ಕೇಳಿಸ್ತು."

ಅವರು ಒಮ್ಮೆ ತಲೆಬಾಗಿದರು, ಚಪ್ಪಲಿ ಹಾಕಿಕೊಂಡರು, ಹೋದರು. ಅಪ್ಪ ಅವರನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋದ, ದಾರಿಯುದ್ದಕ್ಕೂ ಲಿಫ್ಟಿನ ಮಿಕ್ಕ ಕತೆ ಹೇಳುತ್ತಿದ್ದಿರಬೇಕು.

ಮಗಳು ಬಾಗಿಲು ಹಾಕಿ ಅಡುಗೆಮನೆಗೆ ಬಂದಳು. ಕಾಲೆಳೆಯುತ್ತ ಬಂದವಳ ಮುಖ ಬಿಳಿಚಿಕೊಂಡಿತ್ತು. "ನಾನು ಅವರ ಕಡೆ ನೋಡ್ಲೇ ಇಲ್ಲಮ್ಮಾ, ಧೈರ್ಯ ಬರಲಿಲ್ಲ. ನೆಲಾನೇ ನೋಡ್ತಿದ್ದೆ. ಎಷ್ಟು ಉಳಿಸಿದ್ರು? ಮುಕ್ಕಾಲಾ?"

"ಕೈ ಚಾಚು."

"ಹೇಳಮ್ಮಾ ಸುಮ್ನೆ."

"ಚಾಚು ಅಂದ್ನಲ್ಲ."

ಮಗಳು ಅಂಗೈ ಮುಂದೆ ಹಿಡಿದಳು. ಗ್ಲಾಸಕ್ಕ ಆ ಉದ್ದ ಕಾಲಿನ ಗ್ಲಾಸನ್ನು ಎತ್ತಿ, ಅಂಗೈಯ ಮೇಲೆ ತಲೆಕೆಳಗಾಗಿ ಮಗುಚಿ ಹಿಡಿದಳು. ಇಬ್ಬರೂ ಕಾದರು.

ಒಂದು ಹನಿಯೂ ಬೀಳಲಿಲ್ಲ.